ಖಾಲಿ ಬಿಟ್ಟ ಸಾಕೆಟ್ಟುಗಳು

ಇವತ್ತಿನ ಮಾತು ಒಂದು ಹಳೆಯ ಕಂಪ್ಯೂಟರಿನ ಬಗ್ಗೆ. ಅದರ ಮುಚ್ಚಳ ತೆಗೆದು, ಒಳಗೆ ಹೊಸ ಚಿಪ್ಪು, ಹೊಸ ಬೋರ್ಡು ಕೂರಿಸುವ ಕೆಲಸದ ಬಗ್ಗೆ. ಕಂಪ್ಯೂಟರಿನ ಹೆಸರು ಬಿಬಿಸಿ ಮೈಕ್ರೊ. ಹೌದು, ಬಿಬಿಸಿ ಎಂದರೆ ಲಂಡನ್ನಿನ ಅದೇ ಬಾನುಲಿ ಸಂಸ್ಥೆ. 1980ರ ದಶಕದ ಆರಂಭದಲ್ಲಿ ಆ ಸಂಸ್ಥೆ ತನ್ನ ದೇಶದ ಜನರಿಗೆ ಟೆಲಿವಿಷನ್ ಮೂಲಕ ಕಂಪ್ಯೂಟರ್ ಪಾಠ ಹೇಳಲು ಹೊರಟಿತು. ಪಾಠ ಕೇಳುವವರ ಕೈಯಲ್ಲಿ ಒಂದು ಯಂತ್ರವೂ ಇರಬೇಕಲ್ಲ? ಅದನ್ನು ಮಾಡಿಕೊಟ್ಟದ್ದು ಕೇಂಬ್ರಿಜಿನ ಏಕಾರ್ನ್ ಎಂಬ ಚಿಕ್ಕ ಕಂಪನಿ. ಸ್ಟೀವ್ ಫರ್ಬರ್, ಸೋಫಿ ವಿಲ್ಸನ್ ಆ ಯಂತ್ರದ ಮುಖ್ಯ ವಿನ್ಯಾಸಕರು. 1981ರ ಕೊನೆಗೆ ಯಂತ್ರ ಹೊರಬಂತು. ಒಟ್ಟು 12 ಸಾವಿರ ಮಾರಾಟವಾದೀತು ಎಂದು ಅಂದಾಜು ಮಾಡಿದ್ದರು. ಹೋದದ್ದು ಸುಮಾರು 15 ಲಕ್ಷ.

ಅದು ನಮ್ಮ ದೇಶಕ್ಕೂ ಬಂತು. 1984ರಲ್ಲಿ ಕೇಂದ್ರ ಸರ್ಕಾರ ಶಾಲಾಮಕ್ಕಳಿಗೆ ಕಂಪ್ಯೂಟರ್ ಪರಿಚಯಿಸಲು ‘ಕ್ಲಾಸ್’ ಎಂಬ ಯೋಜನೆ ಆರಂಭಿಸಿತು. ಮೊದಲ ಹಂತದಲ್ಲಿ ಸುಮಾರು 250 ಶಾಲೆಗಳು. ಅಲ್ಲಿಗೆ ಹೋದದ್ದು ಬಿಬಿಸಿ ಮೈಕ್ರೊ. ಮುಂದೆ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಎಂಬ ಸರ್ಕಾರಿ ಕಾರ್ಖಾನೆ ಇದೇ ಯಂತ್ರವನ್ನು ಯೂನಿಕಾರ್ನ್ ಎಂಬ ಹೆಸರಿನಲ್ಲಿ ತಯಾರಿಸಿತು. ಐವತ್ತು ದಾಟಿದ ನಮ್ಮ ಕೇಳುಗರಲ್ಲಿ ಕೆಲವರಾದರೂ ಮೊದಲ ಸಲ ಕಂಪ್ಯೂಟರಿನ ಕೀಲಿ ಒತ್ತಿದ್ದು ಇದರ ಮೇಲೆಯೇ ಇರಬಹುದು.

ಯಂತ್ರ ನೋಡಲು ಹೇಗಿದೆ ಎಂದು ಹೇಳುತ್ತೇನೆ. ಹಾಲುಗೆನೆಯ ಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆ. ಚಪ್ಪಟೆ, ಅಗಲ. ಮುಂಭಾಗ ಇಳಿಜಾರು. ಆ ಇಳಿಜಾರಿನಲ್ಲಿ ಕೀಬೋರ್ಡು. ಕಪ್ಪು ಕೀಲಿಗಳು, ಮೇಲಿನ ಸಾಲಿನಲ್ಲಿ ಹತ್ತು ಕೆಂಪು ಕೀಲಿಗಳು. ಪರದೆ ಇದರ ಜತೆ ಬರುವುದಿಲ್ಲ. ಬೇರೆ ಟಿವಿಯೋ ಮಾನಿಟರೋ ಜೋಡಿಸಬೇಕು. ಕಂಪ್ಯೂಟರ್ ಪೂರ್ತಿ ಆ ಕೀಬೋರ್ಡಿನ ಪೆಟ್ಟಿಗೆಯೊಳಗೇ ಇದೆ.

ಇಂಥ ಯಂತ್ರಕ್ಕೆ ಏನನ್ನಾದರೂ ಸೇರಿಸಬೇಕು ಎಂದು ಜನರಿಗೆ ಯಾಕೆ ಅನಿಸಿತು? ಜಾಗ ಸಾಲುತ್ತಿರಲಿಲ್ಲ. ಅಷ್ಟೇ ಕಾರಣ. ಆದರೆ ಆ ಕೊರತೆ ಎಷ್ಟು ತೀವ್ರವಾಗಿತ್ತು ಎಂಬುದು ಲೆಕ್ಕ ಹಾಕಿದರೆ ಮಾತ್ರ ಗೊತ್ತಾಗುತ್ತದೆ. ಸ್ವಲ್ಪ ಲೆಕ್ಕ ಮಾಡೋಣ.

ಈ ಯಂತ್ರದ ‘ಬಿ’ ಮಾದರಿಯಲ್ಲಿ ಇದ್ದ ಮೆಮೊರಿ 32 ಕೆ. ಒಂದು ಕೆ ಎಂದರೆ ಸುಮಾರು ಸಾವಿರ ಇಂಗ್ಲಿಷ್ ಅಕ್ಷರಗಳಿಗೆ ಬೇಕಾಗುವ ಜಾಗ. ಈಗಿನ ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಫೋಟೊ ಈ 32 ಕೆಯ ನೂರು ಪಟ್ಟು ಜಾಗ ಹಿಡಿಯುತ್ತದೆ. ಆ 32 ಕೆಯಲ್ಲಿ ಮೂರೂವರೆ ಕೆಯನ್ನು ಯಂತ್ರ ತನ್ನ ಸ್ವಂತ ಲೆಕ್ಕಪತ್ರಕ್ಕೆ ಇಟ್ಟುಕೊಳ್ಳುತ್ತದೆ. ಪರದೆಯ ಮೇಲೆ ಕಾಣುವ ಚಿತ್ರವೂ ಇದೇ ಮೆಮೊರಿಯಲ್ಲಿ ಇರಬೇಕು. ಸಾಲಿಗೆ 80 ಅಕ್ಷರ ಮೂಡಿಸುವ ಪರದೆ, ಅಥವಾ ಒಳ್ಳೆಯ ಬಣ್ಣದ ಚಿತ್ರದ ಪರದೆ ಬೇಕೆಂದರೆ ಅದಕ್ಕೆ 20 ಕೆ. ಉಳಿದದ್ದು ಎಷ್ಟು? ಎಂಟೂವರೆ ಕೆ. ನೀವು ಬರೆಯುವ ಪ್ರೋಗ್ರಾಂ, ಅದರ ಲೆಕ್ಕ, ಅದರ ಮಾಹಿತಿ, ಎಲ್ಲವೂ ಆ ಎಂಟೂವರೆ ಕೆಯಲ್ಲೇ ಹಿಡಿಯಬೇಕು.

ಇನ್ನೂ ಇದೆ. ಮೊದಮೊದಲು ಪ್ರೋಗ್ರಾಂಗಳನ್ನು ಕ್ಯಾಸೆಟ್ ಟೇಪಿನಲ್ಲಿ ಇಡುತ್ತಿದ್ದರು. ನಾವು ಹಾಡು ಕೇಳುತ್ತಿದ್ದ ಅದೇ ಕ್ಯಾಸೆಟ್ಟು. ಅದರಲ್ಲಿ ಪ್ರೋಗ್ರಾಂ ಕೀರಲು ಶಬ್ದವಾಗಿ ದಾಖಲಾಗುತ್ತಿತ್ತು. ಶಬ್ದವಾದ್ದರಿಂದ ಅದನ್ನು ಬಾನುಲಿಯಲ್ಲೂ ಪ್ರಸಾರ ಮಾಡಬಹುದಿತ್ತು. ಹಾಲೆಂಡಿನ ಬಾನುಲಿ ಹಾಗೆ ಮಾಡಿಯೂ ತೋರಿಸಿತು. ಕೇಳುಗರು ರೇಡಿಯೊ ಪಕ್ಕದಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಪ್ರೋಗ್ರಾಂ ಹಿಡಿದುಕೊಳ್ಳುತ್ತಿದ್ದರು. ಬಾನುಲಿಯಲ್ಲಿ ಮಾತಾಡುವ ನನಗೆ ಆ ಸಂಗತಿ ನೆನೆದಾಗಲೆಲ್ಲ ಖುಷಿಯಾಗುತ್ತದೆ. ಇರಲಿ. ಟೇಪು ನಿಧಾನ. ವೇಗ ಬೇಕಾದವರು ಫ್ಲಾಪಿ ಡಿಸ್ಕ್ ಹಾಕಿಸಿದರು. ಡಿಸ್ಕ್ ಹಾಕಿಸಿದ ಕೂಡಲೇ ಆ ಏರ್ಪಾಡು ತನ್ನ ಕೆಲಸಕ್ಕೆಂದು ಇನ್ನೂ ಮೂರು ಕೆಯಷ್ಟನ್ನು ತೆಗೆದುಕೊಂಡಿತು. ಎಂಟೂವರೆ ಇದ್ದದ್ದು ಆರಕ್ಕಿಂತ ಕೆಳಗಿಳಿಯಿತು. ದುಬಾರಿ ಹಣ ಕೊಟ್ಟು ಡಿಸ್ಕ್ ಹಾಕಿಸಿದವರ ಪ್ರೋಗ್ರಾಂಗಳೇ ಯಂತ್ರದಲ್ಲಿ ಹಿಡಿಸದೆ ಹೋದವು.

ಇಷ್ಟು ಆಯಿತು. ಮೆಮೊರಿ 32 ಕೆ. ಪರದೆಗೆ 20. ಪ್ರೋಗ್ರಾಮಿಗೆ ಉಳಿದದ್ದು ಎಂಟೂವರೆ, ಡಿಸ್ಕ್ ಇದ್ದರೆ ಆರು ಕೆಗೂ ಕಡಿಮೆ. ಹಾಗಾದರೆ ಇನ್ನಷ್ಟು ಮೆಮೊರಿ ಸೇರಿಸಿದರೆ ಆಯಿತಲ್ಲ ಎನ್ನುತ್ತೀರಿ. ಅಲ್ಲೇ ತೊಡಕು.

ಈ ಯಂತ್ರದ ಪ್ರೊಸೆಸರ್ 6502 ಎಂಬ ಚಿಪ್. ಅದಕ್ಕೆ ಗೊತ್ತಿರುವ ವಿಳಾಸಗಳು ಒಟ್ಟು 64 ಕೆ ಮಾತ್ರ. ಅದಕ್ಕಿಂತ ಆಚೆ ಏನಿದ್ದರೂ ಅದರ ಪಾಲಿಗೆ ಇಲ್ಲ. ಆ 64ರಲ್ಲಿ ಮೊದಲ 32 ಮೆಮೊರಿಗೆ. ಕೊನೆಯ 16 ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮಿಗೆ. ನಡುವಿನ 16 ಪ್ರೋಗ್ರಾಂ ಬರೆಯುವ ಬೇಸಿಕ್ ಎಂಬ ಭಾಷೆಗೆ. ಎಲ್ಲ ವಿಳಾಸವೂ ಹಂಚಿ ಮುಗಿಯಿತು. ಹೊಸಬರಿಗೆ ಕೊಡಲು ವಿಳಾಸವೇ ಉಳಿದಿಲ್ಲ.

ಏಕಾರ್ನಿನ ವಿನ್ಯಾಸಕರು ಇದನ್ನು ಮೊದಲೇ ಯೋಚಿಸಿದ್ದರು. ಅವರು ನಡುವಿನ 16 ಕೆ ಜಾಗವನ್ನು ಒಬ್ಬರಿಗೇ ಬರೆದುಕೊಡಲಿಲ್ಲ. ಯಕ್ಷಗಾನ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ರಂಗಸ್ಥಳ ಒಂದೇ. ವೇಷಧಾರಿಗಳು ಹಲವರು. ಎಲ್ಲರೂ ಚೌಕಿಯಲ್ಲಿ ಸಿದ್ಧರಾಗಿ ಕುಳಿತಿರುತ್ತಾರೆ. ಭಾಗವತರ ಪದಕ್ಕೆ ಯಾರ ಸರದಿಯೋ ಅವರು ರಂಗಕ್ಕೆ ಬರುತ್ತಾರೆ. ಇಲ್ಲಿಯೂ ಹಾಗೆ. ಮೂಲ ಪ್ರೋಗ್ರಾಂ ಕರೆದ ಚಿಪ್ ಮಾತ್ರ ಆ 16 ಕೆ ವಿಳಾಸಕ್ಕೆ ಬರುತ್ತದೆ. ಉಳಿದವು ತಮ್ಮ ಸಾಕೆಟ್ಟಿನಲ್ಲಿ ಸುಮ್ಮನಿರುತ್ತವೆ. ಬೋರ್ಡಿನ ಮೇಲೆ ಇಂಥ ಚಿಪ್‌ಗಳಿಗಾಗಿಯೇ ನಾಲ್ಕು ಸಾಕೆಟ್ಟುಗಳು. ಒಂದರಲ್ಲಿ ಬೇಸಿಕ್. ಉಳಿದವು ಖಾಲಿ.

ಆ ಖಾಲಿ ಸಾಕೆಟ್ಟುಗಳ ಬಗ್ಗೆ ನನಗೆ ಅಪಾರ ಗೌರವ. ಯಾಕೆಂದರೆ ಒಂದೊಂದು ಸಾಕೆಟ್ಟಿಗೂ ಖರ್ಚಿದೆ. ಬೆಲೆ ತಗ್ಗಿಸಬೇಕೆಂಬ ಒತ್ತಡ ಯಾವಾಗಲೂ ಇರುತ್ತದೆ. ಆದರೂ ಅವರು ತಮಗಿನ್ನೂ ಗೊತ್ತಿಲ್ಲದ, ಯಾರೋ ಮುಂದೆ ಬರೆಯಲಿರುವ ಪ್ರೋಗ್ರಾಮಿಗಾಗಿ ಜಾಗ ಬಿಟ್ಟರು. ಅಲ್ಲಿಗೆ ಬಂದು ಕುಳಿತದ್ದು ಏನೇನು! ಪತ್ರ, ಲೇಖನ ಬರೆಯಲು ವರ್ಡ್‌ವೈಸ್ ಎಂಬ ಚಿಪ್, ವ್ಯೂ ಎಂಬ ಚಿಪ್. ಲೆಕ್ಕದ ಹಾಳೆಯ ಚಿಪ್. ಡಿಸ್ಕ್ ನಡೆಸುವ ಚಿಪ್. ಟೇಪಿನಿಂದ ಕಾಯುತ್ತಾ ಓದಿಸಬೇಕಾಗಿಲ್ಲ. ಸ್ವಿಚ್ ಹಾಕಿದ ಕ್ಷಣವೇ ಸಿದ್ಧ. ಪ್ರೋಗ್ರಾಂ ಆ ಚಿಪ್ಪಿನಲ್ಲೇ ಇರುವುದರಿಂದ ಮೆಮೊರಿಯೆಲ್ಲ ನಿಮ್ಮ ಬರಹಕ್ಕೇ ಉಳಿಯುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಯಂತ್ರದಲ್ಲಿ ಜಾಗ ಕಡಿಮೆ. ವಿಳಾಸಗಳೂ ಮುಗಿದಿವೆ. ಒಂದೇ ವಿಳಾಸದಲ್ಲಿ ಹಲವು ಚಿಪ್‌ಗಳು ಸರದಿಯಂತೆ ಕೆಲಸ ಮಾಡುತ್ತವೆ. ಈಗ ಮುಚ್ಚಳ ತೆಗೆಯೋಣ.

ಮೊದಲು ಗೋಡೆಯ ಸ್ವಿಚ್ ಆರಿಸಿ. ಆರಿಸಿದರೆ ಸಾಲದು, ಪ್ಲಗ್ಗನ್ನೂ ಕಿತ್ತು ಪಕ್ಕಕ್ಕಿಡಿ. ಎರಡನೆಯದು, ನಿಮ್ಮ ಮೈಯಲ್ಲಿ ಸೇರಿಕೊಂಡ ಸ್ಥಾಯೀ ವಿದ್ಯುತ್ತು. ನೈಲಾನ್ ಬಟ್ಟೆ ತೊಟ್ಟು, ಒಣಹವೆಯ ದಿನ, ಬೆರಳ ತುದಿಯಿಂದ ಚಿಟ್ ಎನ್ನುವ ಆ ಕಿಡಿ ನಿಮಗೆ ಏನೂ ಮಾಡದು. ಚಿಪ್ಪನ್ನು ಮಾತ್ರ ಕೊಲ್ಲುತ್ತದೆ. ಆದ್ದರಿಂದ ಹತ್ತಿ ಬಟ್ಟೆ ತೊಡಿ. ನೆಲಕ್ಕೆ ಸಂಪರ್ಕವಿರುವ ಲೋಹದ ವಸ್ತುವೊಂದನ್ನು ಮುಟ್ಟಿ, ಆಮೇಲೆ ಚಿಪ್ ಹಿಡಿಯಿರಿ.

ಪೆಟ್ಟಿಗೆಯ ಹಿಂಬದಿಯಲ್ಲಿ ಎರಡು ಸ್ಕ್ರೂ. ಅಡಿಯಲ್ಲಿ ಮುಂಭಾಗಕ್ಕೆ ಎರಡು. ಈ ನಾಲ್ಕರ ಪಕ್ಕದಲ್ಲೂ ಇಂಗ್ಲಿಷಿನಲ್ಲಿ ‘ಫಿಕ್ಸ್’ ಎಂದು ಗುರುತು ಹಾಕಿದ್ದಾರೆ. ಯಾವುದನ್ನು ಬಿಚ್ಚಬೇಕೆಂದು ಮಾಲೀಕರಿಗೆ ತಯಾರಕರೇ ಹೇಳಿಕೊಟ್ಟಿದ್ದಾರೆ ನೋಡಿ. ಇಂದಿನ ಎಷ್ಟೋ ಯಂತ್ರಗಳನ್ನು ಅಂಟು ಹಾಕಿ ಮುಚ್ಚಿರುತ್ತಾರೆ. ಬಿಚ್ಚಿದರೆ ಗ್ಯಾರಂಟಿ ಹೋಯಿತು ಎಂದು ಹೆದರಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕೊಂಡವರು ಒಳಗೆ ನೋಡುವಂತಿರಬೇಕು.

ನಾಲ್ಕು ಸ್ಕ್ರೂ ತೆಗೆದರೆ ಮುಚ್ಚಳ ಮೇಲಕ್ಕೆ ಬರುತ್ತದೆ. ಎಡಗಡೆ ಒಂದು ಲೋಹದ ಪೆಟ್ಟಿಗೆ. ಅದು ವಿದ್ಯುತ್ ಪೂರೈಕೆಯ ಭಾಗ. ಅದರ ತಂಟೆಗೆ ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯದ ವಿದ್ಯುತ್ ಕೆಲಹೊತ್ತು ಉಳಿದಿರಬಹುದು. ಇನ್ನೊಂದು ಮಾತು. ನಲವತ್ತು ವರ್ಷದ ಯಂತ್ರಗಳಲ್ಲಿ ಆ ಪೆಟ್ಟಿಗೆಯ ಒಳಗಿನ ಕೆಪಾಸಿಟರುಗಳು ಬಿರುಕು ಬಿಟ್ಟಿರುತ್ತವೆ. ಸ್ವಿಚ್ ಹಾಕಿ ಸ್ವಲ್ಪ ಹೊತ್ತಿಗೆ ದಟ್ಟ ಹೊಗೆ, ಕೆಟ್ಟ ವಾಸನೆ ಬರುತ್ತದೆ. ಹಾಗಾಗುವ ಮೊದಲೇ ಟಿವಿ, ರೇಡಿಯೊ ರಿಪೇರಿ ಬಲ್ಲವರ ಕೈಯಲ್ಲಿ ಅವನ್ನು ಬದಲಾಯಿಸಿಕೊಳ್ಳಿ. ಉಳಿದ ಕೆಲಸವೆಲ್ಲ ಅದಾದ ನಂತರ.

ನಮಗೆ ಬೇಕಾದದ್ದು ಕೀಬೋರ್ಡಿನ ಅಡಿಯಲ್ಲಿದೆ. ಕೀಬೋರ್ಡನ್ನು ಹಿಡಿದಿರುವ ಬೋಲ್ಟುಗಳನ್ನು ಸಡಿಲಿಸಿ, ಅದನ್ನು ಮೆಲ್ಲಗೆ ಎತ್ತಿ. ಪಟ್ಟಿಯಂಥ ಚಪ್ಪಟೆ ತಂತಿ ಅದನ್ನು ಬೋರ್ಡಿಗೆ ಜೋಡಿಸಿದೆ. ಅದನ್ನು ಎಳೆಯಬೇಡಿ. ಬೋರ್ಡಿನ ಬಲ ಮುಂಭಾಗದಲ್ಲಿ ಐದು ಉದ್ದನೆಯ ಸಾಕೆಟ್ಟುಗಳು ಸಾಲಾಗಿವೆ. ಎಡತುದಿಯದರಲ್ಲಿ ಮೂಲ ಪ್ರೋಗ್ರಾಂ. ಅದನ್ನು ಮುಟ್ಟುವುದು ಬೇಡ. ಮಿಕ್ಕ ನಾಲ್ಕೇ ನಾನು ಆಗ ಹೇಳಿದ ಸಾಕೆಟ್ಟುಗಳು.

ಈಗ ಚಿಪ್ ಕೈಗೆ ತೆಗೆದುಕೊಳ್ಳಿ. ಕಿರುಬೆರಳಿನಷ್ಟು ಉದ್ದದ ಕಪ್ಪು ತುಂಡು. ಎರಡು ಬದಿಗೂ ಹದಿನಾಲ್ಕು ಹದಿನಾಲ್ಕು ಕಾಲುಗಳು, ಒಟ್ಟು 28. ಒಂದು ತುದಿಯಲ್ಲಿ ಅರ್ಧಚಂದ್ರದ ಕಚ್ಚು ಇರುತ್ತದೆ. ಪಕ್ಕದ ಚಿಪ್ಪಿನ ಕಚ್ಚು ಯಾವ ಕಡೆಗಿದೆಯೋ ಇದರದೂ ಅದೇ ಕಡೆಗಿರಬೇಕು. ತಿರುಗುಮುರುಗಾಗಿ ಕೂರಿಸಿ ಸ್ವಿಚ್ ಹಾಕಿದರೆ ಚಿಪ್ ಸುಡುತ್ತದೆ. ಇದನ್ನು ಇಬ್ಬರು ನೋಡುವುದು ಒಳ್ಳೆಯದು. ಮನೆಯಲ್ಲಿ ಕಣ್ಣು ಚುರುಕಿರುವ ಮಕ್ಕಳನ್ನು ಕರೆಯಿರಿ.

ಹೊಸ ಚಿಪ್ಪಿನ ಕಾಲುಗಳು ಸ್ವಲ್ಪ ಹೊರಕ್ಕೆ ಅಗಲಿಸಿಕೊಂಡಿರುತ್ತವೆ. ಹಾಗೆಯೇ ಒತ್ತಿದರೆ ಸಾಕೆಟ್ಟಿಗೆ ಇಳಿಯುವುದಿಲ್ಲ. ಚಿಪ್ಪನ್ನು ಮಗ್ಗುಲಾಗಿ ಹಿಡಿದು, ಒಂದು ಸಾಲಿನ ಕಾಲುಗಳನ್ನೆಲ್ಲ ಒಟ್ಟಿಗೆ ಮೇಜಿನ ಮೇಲೆ ಊರಿ, ತುಸುವೇ ಒಳಕ್ಕೆ ಬಾಗಿಸಿ. ಇನ್ನೊಂದು ಸಾಲಿಗೂ ಹಾಗೆಯೇ. ಈಗ ಸಾಕೆಟ್ಟಿನ ಮೇಲಿಟ್ಟು, ಇಪ್ಪತ್ತೆಂಟೂ ಕಾಲುಗಳು ತಮ್ಮ ತಮ್ಮ ತೂತಿನ ಬಾಯಿಗೆ ಬಂದಿವೆಯೇ ನೋಡಿ. ಆಮೇಲೆ ಎರಡು ಹೆಬ್ಬೆರಳಿನಿಂದ ಸಮವಾಗಿ ಒತ್ತಿ. ಒಂದು ಕಾಲು ಚಿಪ್ಪಿನ ಹೊಟ್ಟೆಯಡಿಗೆ ಮಡಚಿಕೊಂಡರೆ ಮೇಲಿನಿಂದ ಗೊತ್ತೇ ಆಗುವುದಿಲ್ಲ. ಟಾರ್ಚ್ ಹಿಡಿದು ಮಗ್ಗುಲಿನಿಂದ ನೋಡಿ.

ಯಾವ ಸಾಕೆಟ್ಟಿನಲ್ಲಿ ಕೂರಿಸುತ್ತೀರಿ ಎಂಬುದೂ ಮುಖ್ಯ. ಬಲತುದಿಗೆ ಮೊದಲ ಸರದಿ. ನೀವು ಕೊಟ್ಟ ಆಜ್ಞೆ ಮೂಲ ಪ್ರೋಗ್ರಾಮಿಗೆ ಗೊತ್ತಿಲ್ಲದಿದ್ದರೆ ಅದು ಬಲದಿಂದ ಎಡಕ್ಕೆ ಒಂದೊಂದೇ ಚಿಪ್ಪನ್ನು ಕೇಳುತ್ತಾ ಬರುತ್ತದೆ. ಈ ಆಜ್ಞೆ ನಿನ್ನದೇ? ನಿನ್ನದೇ? ನನ್ನದು ಎಂದ ಚಿಪ್ ಕೆಲಸ ವಹಿಸಿಕೊಳ್ಳುತ್ತದೆ. ಬರವಣಿಗೆಯ ಚಿಪ್ಪನ್ನು ಬೇಸಿಕ್ಕಿನ ಬಲಕ್ಕೆ ಕೂರಿಸಿದರೆ ಸ್ವಿಚ್ ಹಾಕಿದಾಗ ಬೇಸಿಕ್ ಬದಲು ಅದೇ ಎದ್ದು ನಿಲ್ಲಬಹುದು. ಶಾಲೆಯ ಯಂತ್ರಕ್ಕೆ ಬೇಸಿಕ್ ಮೊದಲು ಬರುವುದು ಒಳ್ಳೆಯದು. ಬರಹಗಾರರ ಮನೆಯ ಯಂತ್ರವಾದರೆ ವ್ಯೂ ಮೊದಲು ಬರಲಿ.

ಚಿಪ್ ಕೂತಿತು. ಅದು ಪ್ರೋಗ್ರಾಮಿನ ವಿಷಯ. ಆದರೆ ನಾವು ಹೊರಟದ್ದು ಮೆಮೊರಿಯ ಕೊರತೆಯಿಂದ. ಪರದೆಗೆ 20 ಕೆ ಹೋಗಿ ಎಂಟೂವರೆ ಉಳಿದ ಲೆಕ್ಕ ನೆನಪಿದೆಯಲ್ಲ? ಅದಕ್ಕೆ ಮದ್ದು ಇನ್ನೊಂದು.

1980ರ ದಶಕದ ನಡುವಿನಲ್ಲಿ ಬಂದ ಏರೀಸ್ ಬಿ-20 ಎಂಬ ಬೋರ್ಡು ಅಂಥದ್ದು. ಅಂಗೈಯಲ್ಲಿ ಹಿಡಿಸುವಂಥದ್ದು. ಅದರ ಮೇಲೆ 20 ಕೆ ಹೊಸ ಮೆಮೊರಿ. ಬೆಸುಗೆ ಹಾಕುವ ಕೆಲಸವಿಲ್ಲ. ಯಂತ್ರದ ಪ್ರೊಸೆಸರ್ ಚಿಪ್ಪನ್ನು ಅದರ ಸಾಕೆಟ್ಟಿನಿಂದ ಎತ್ತುತ್ತೀರಿ. ಆ ಸಾಕೆಟ್ಟಿಗೆ ಬೋರ್ಡನ್ನು ಚುಚ್ಚುತ್ತೀರಿ. ಎತ್ತಿದ ಪ್ರೊಸೆಸರನ್ನು ಬೋರ್ಡಿನ ಮೇಲಿನ ಸಾಕೆಟ್ಟಿನಲ್ಲಿ ಕೂರಿಸುತ್ತೀರಿ. ಅಂದರೆ ಪ್ರೊಸೆಸರ್ ಮತ್ತು ಯಂತ್ರದ ನಡುವೆ ಹೊಸ ಬೋರ್ಡು ಬಂದು ನಿಲ್ಲುತ್ತದೆ. ಪ್ರೊಸೆಸರ್ ಕೇಳುವ ಪ್ರತಿಯೊಂದು ವಿಳಾಸವೂ ಈಗ ಈ ಬೋರ್ಡಿನ ಮೂಲಕವೇ ಹೋಗಬೇಕು.

ವಿಳಾಸಗಳು ಮುಗಿದಿವೆ ಎಂದೆ. ಹಾಗಾದರೆ ಈ 20 ಕೆ ಎಲ್ಲಿ ಕೂರುತ್ತದೆ? ಪರದೆಯ ಮೆಮೊರಿ ಇರುವ ಅದೇ ವಿಳಾಸದಲ್ಲಿ! ಒಂದೇ ವಿಳಾಸ, ಎರಡು ಮೆಮೊರಿ. ಯಾವುದನ್ನು ಕೊಡಬೇಕೆಂದು ಬೋರ್ಡು ಆಯಾ ಕ್ಷಣಕ್ಕೆ ನಿರ್ಧರಿಸುತ್ತದೆ. ಹೇಗೆ? 6502ರ ಕಾಲುಗಳಲ್ಲೊಂದು, ಪ್ರೊಸೆಸರ್ ಹೊಸ ಆದೇಶ ಓದುವ ಹೊತ್ತಿಗೆ ಸೂಚನೆ ಕೊಡುತ್ತದೆ. ಆ ಸೂಚನೆ ಬಂದಾಗ, ಆದೇಶ ಯಾವ ವಿಳಾಸದಿಂದ ಬಂತು ಎಂದು ನೋಡಿದರೆ ಆಯಿತು. ಯಂತ್ರದ ಮೂಲ ಪ್ರೋಗ್ರಾಮಿನಲ್ಲಿ ಪರದೆ ಬರೆಯುವ ಭಾಗದಿಂದ ಬಂದಿದ್ದರೆ, ಅದು ಮುಟ್ಟಬೇಕಾದದ್ದು ಹಳೆಯ ಮೆಮೊರಿಯನ್ನು. ಏಕೆಂದರೆ ಚಿತ್ರ ತೋರಿಸುವ ಸರ್ಕ್ಯೂಟಿಗೆ ಹಳೆಯದೊಂದೇ ಕಾಣುತ್ತದೆ. ಬೇರೆ ಎಲ್ಲಿಂದ ಬಂದಿದ್ದರೂ, ಅದು ನಿಮ್ಮ ಪ್ರೋಗ್ರಾಮಿನ ಕೆಲಸ. ಅದಕ್ಕೆ ಹೊಸ ಮೆಮೊರಿ. ಇಷ್ಟೆಲ್ಲ ತೀರ್ಮಾನ ಸೆಕೆಂಡಿಗೆ ಲಕ್ಷಗಟ್ಟಲೆ ಸಲ. ಪ್ರೊಸೆಸರಿಗೆ ಏನೂ ತಿಳಿಯದು. ಬೇಸಿಕ್ಕಿಗೂ ತಿಳಿಯದು. ಇದ್ದ ವಿಳಾಸದಲ್ಲೇ ಇನ್ನೊಂದು ಜಾಗ ಹುಟ್ಟಿಸಿದ ಆ ಬುದ್ಧಿವಂತಿಕೆಗೆ ನಾನು ಇವತ್ತಿಗೂ ತಲೆದೂಗುತ್ತೇನೆ.

ಲಾಭ ಎಷ್ಟು? ಇದ್ದದ್ದು ಎಂಟೂವರೆ ಕೆ. ಈಗ 28 ಕೆ ದಾಟುತ್ತದೆ. ಡಿಸ್ಕ್ ಇದ್ದವರಿಗೆ ಆರರೊಳಗಿದ್ದದ್ದು 25ರ ಮೇಲೇರುತ್ತದೆ. ಪರದೆ ಎಷ್ಟೇ ದೊಡ್ಡದಿರಲಿ, ಪ್ರೋಗ್ರಾಮಿನ ಪಾಲು ಕಡಿಮೆಯಾಗುವುದಿಲ್ಲ. ನಷ್ಟವೂ ಒಂದಿದೆ. ಕೆಲವು ಆಟಗಳು ವೇಗಕ್ಕಾಗಿ ಮೂಲ ಪ್ರೋಗ್ರಾಮನ್ನು ಕೇಳದೆ ನೇರವಾಗಿ ಪರದೆಯ ಮೆಮೊರಿಗೆ ಬರೆಯುತ್ತವೆ. ಅವು ಬರೆದದ್ದು ಹೊಸ ಮೆಮೊರಿಗೆ ಹೋಗುತ್ತದೆ. ಪರದೆಯ ಮೇಲೆ ಏನೂ ಕಾಣುವುದಿಲ್ಲ. ಅಂಥ ಆಟ ಆಡುವಾಗ ಬೋರ್ಡನ್ನು ಆಜ್ಞೆ ಕೊಟ್ಟು ನಿಲ್ಲಿಸಬೇಕು.

ಏಕಾರ್ನ್ ಕಂಪನಿಯೂ ಇದೇ ಉಪಾಯವನ್ನು 1985ರ ಬಿ ಪ್ಲಸ್ ಮಾದರಿಯಲ್ಲಿ, 1986ರ ಮಾಸ್ಟರ್ ಮಾದರಿಯಲ್ಲಿ ತಯಾರಿಕೆಯ ಹಂತದಲ್ಲೇ ಸೇರಿಸಿತು. ಇದೇ ಹೊತ್ತಿಗೆ ಆ ಕಂಪನಿ ಒಂದು ಹೊಸ ಪ್ರೊಸೆಸರನ್ನೂ ರೂಪಿಸುತ್ತಿತ್ತು. ಹೆಸರು ಆರ್ಮ್. ರೂಪಿಸಿದವರು ಅದೇ ವಿಲ್ಸನ್, ಅದೇ ಫರ್ಬರ್. 1985ರ ಏಪ್ರಿಲ್‌ನಲ್ಲಿ ಮೊದಲ ಆರ್ಮ್ ಚಿಪ್ ಕೈಗೆ ಬಂದಾಗ ಅದನ್ನು ಓಡಿಸಿ ನೋಡಿದ್ದು ಬಿಬಿಸಿ ಮೈಕ್ರೊಗೆ ಜೋಡಿಸಿಯೇ. ಎರಡನೆಯ ಪ್ರೊಸೆಸರ್ ಜೋಡಿಸಲೆಂದು ಅದರಲ್ಲಿ ಮೊದಲಿನಿಂದಲೇ ಒಂದು ದಾರಿ ಬಿಟ್ಟಿದ್ದರು. ಇಂದು ನಿಮ್ಮ ಜೇಬಿನ ಮೊಬೈಲಿನಲ್ಲಿರುವುದು ಬಹುಮಟ್ಟಿಗೆ ಆ ವಂಶದ ಚಿಪ್ಪೇ. ಆರ್ಮ್ ಎಂಬ ಹೆಸರಿನದೇ ಕಂಪನಿಯ ದೊಡ್ಡ ಕಚೇರಿಯೊಂದು ನಮ್ಮ ಬೆಂಗಳೂರಿನಲ್ಲೂ ಇದೆ.

ಮತ್ತೆ ಮೇಜಿಗೆ ಬರೋಣ. ಚಿಪ್ ಸಾಕೆಟ್ಟಿನಲ್ಲಿದೆ. ಬೋರ್ಡು ಪ್ರೊಸೆಸರಿನ ಜಾಗದಲ್ಲಿದೆ. ಪ್ರೊಸೆಸರ್ ಬೋರ್ಡಿನ ಮೇಲಿದೆ. ಪ್ರೊಸೆಸರ್ ಎತ್ತುವ ಬಗೆಯನ್ನು ಹೇಳಲಿಲ್ಲ. ಅದಕ್ಕೆ 40 ಕಾಲು. ಚಪ್ಪಟೆ ಸ್ಕ್ರೂಡ್ರೈವರನ್ನು ಒಂದು ತುದಿಯಲ್ಲಿ ತೂರಿಸಿ ಕೂದಲೆಳೆಯಷ್ಟು ಎತ್ತಿ. ಆಮೇಲೆ ಇನ್ನೊಂದು ತುದಿಯಲ್ಲಿ ಅಷ್ಟೇ. ಹೀಗೆ ಅತ್ತ ಇತ್ತ. ಒಂದೇ ಕಡೆಯಿಂದ ಎಬ್ಬಿದರೆ ಮತ್ತೊಂದು ತುದಿಯ ಕಾಲು ಮುರಿಯುತ್ತದೆ. ಸಾಕೆಟ್ಟಿನ ಅಡಿಗೆ ಸ್ಕ್ರೂಡ್ರೈವರ್ ಹೋಗದಂತೆ ನೋಡಿಕೊಳ್ಳಿ. ಅಲ್ಲಿ ಬೋರ್ಡಿನ ಗೆರೆಗಳಿವೆ. ಗೀರಿದರೆ ಹೋಯಿತು.

ಈಗ ಕೀಬೋರ್ಡನ್ನು ಅದರ ಜಾಗಕ್ಕಿಟ್ಟು, ಮುಚ್ಚಳ ಹಾಕಿ, ಸ್ವಿಚ್ ಒತ್ತಿ. ಇಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಬಿಬಿಸಿ ಮೈಕ್ರೊ ಎದ್ದಾಗ ಎರಡು ಸ್ವರ ಕೇಳುತ್ತದೆ. ಮೊದಲು ತಗ್ಗಿನ ‘ಬೂ’. ಹಿಂದೆಯೇ ಎತ್ತರದ, ಚಿಕ್ಕ ‘ಬೀಪ್’. ‘ಬೂ’ ಎಂಬುದು ಯಾರೂ ಹೇಳಿ ಹೊರಡಿಸಿದ್ದಲ್ಲ. ವಿದ್ಯುತ್ ಬಂದ ಕೂಡಲೇ ಶಬ್ದದ ಚಿಪ್ ತಾನಾಗಿ ಹೊರಡಿಸುವ ದನಿ ಅದು. ಪ್ರೊಸೆಸರ್ ಎಚ್ಚತ್ತು, ಮೂಲ ಪ್ರೋಗ್ರಾಂ ಓಡಿ, ಆ ದನಿಯನ್ನು ನಿಲ್ಲಿಸಿ, ತನ್ನದೇ ‘ಬೀಪ್’ ಹೊರಡಿಸುತ್ತದೆ. ಅಂದರೆ ಎರಡನೆಯ ಸ್ವರ ಕೇಳಿದರೆ ಪ್ರೊಸೆಸರು, ಮೂಲ ಪ್ರೋಗ್ರಾಮು ಎರಡೂ ನಡೆಯುತ್ತಿವೆ. ‘ಬೂ’ ನಿಲ್ಲದೆ ಮೊರೆಯುತ್ತಲೇ ಇದ್ದರೆ ಪ್ರೊಸೆಸರ್ ಎದ್ದಿಲ್ಲ. ತಕ್ಷಣ ಸ್ವಿಚ್ ಆರಿಸಿ.

ಆಗ ಗಾಬರಿ ಬೇಡ. ಪ್ಲಗ್ ಕಿತ್ತು ಮತ್ತೆ ಮುಚ್ಚಳ ತೆಗೆಯಿರಿ. ಹೊಸ ಚಿಪ್ಪನ್ನು, ಹೊಸ ಬೋರ್ಡನ್ನು ತೆಗೆದು ಯಂತ್ರವನ್ನು ಮೊದಲಿನಂತೆ ಮಾಡಿ ನೋಡಿ. ‘ಬೀಪ್’ ಬಂದರೆ ತೊಂದರೆ ಹೊಸದರಲ್ಲಿದೆ. ಮಡಚಿದ ಕಾಲೋ, ತಿರುಗಿದ ಕಚ್ಚೋ ಸಿಕ್ಕೇ ಸಿಗುತ್ತದೆ. ಆಗಲೂ ಬಾರದಿದ್ದರೆ ಹಳೆಯ ಸಾಕೆಟ್ಟುಗಳಲ್ಲಿ ಕಿಲುಬು ಕಟ್ಟಿರಬಹುದು. ಸಾಕೆಟ್ಟಿನಲ್ಲಿರುವ ಚಿಪ್‌ಗಳನ್ನು ಒಂದೊಂದಾಗಿ ಸ್ವಲ್ಪ ಎತ್ತಿ ಮತ್ತೆ ಒತ್ತಿ. ಆ ಉಜ್ಜಾಟದಲ್ಲೇ ಕಾಲುಗಳು ಶುಚಿಯಾಗುತ್ತವೆ. ಎಷ್ಟೋ ಸತ್ತ ಯಂತ್ರಗಳು ಇಷ್ಟಕ್ಕೇ ಮಾತಾಡಿವೆ.

ಎರಡು ಸ್ವರವೂ ಬಂತು ಎನ್ನಿ. ನಕ್ಷತ್ರದ ಗುರುತು ಒತ್ತಿ ‘ಹೆಲ್ಪ್’ ಎಂದು ಟೈಪ್ ಮಾಡಿ. ಬೇಸಿಕ್ ಬಿಟ್ಟು ಸಾಕೆಟ್ಟಿನಲ್ಲಿರುವ ಉಳಿದ ಚಿಪ್‌ಗಳು ಒಂದೊಂದಾಗಿ ಪರದೆಯ ಮೇಲೆ ತಮ್ಮ ಹೆಸರು ಹೇಳುತ್ತವೆ. ನೀವು ಕೂರಿಸಿದ ಚಿಪ್ಪಿನ ಹೆಸರೂ ಆ ಸಾಲಿನಲ್ಲಿ ಬರಬೇಕು.

ಕೊನೆಯದಾಗಿ ಒಂದು ಕೋರಿಕೆ. ಶಾಲೆಯ ಉಗ್ರಾಣದಲ್ಲೋ ಮನೆಯ ಅಟ್ಟದಲ್ಲೋ ಇಂಥ ಯಂತ್ರ ಸಿಕ್ಕರೆ, ಹೊಸದನ್ನು ಕೂರಿಸುವ ಮುಂಚೆ ಅದರಲ್ಲಿ ಈಗಾಗಲೇ ಇರುವ ಚಿಪ್‌ಗಳನ್ನು ನೋಡಿ. ಕೆಲವದರ ಬೆನ್ನ ಮೇಲೆ ಚಿಕ್ಕ ಗಾಜಿನ ಕಿಂಡಿ ಇರುತ್ತದೆ. ಅದರ ಮೇಲೊಂದು ಚೀಟಿ ಅಂಟಿಸಿರುತ್ತಾರೆ. ಅದು ಎಪ್ರಾಮ್ ಎಂಬ ಜಾತಿಯ ಚಿಪ್. ಆ ಕಿಂಡಿಯೊಳಗೆ ಅತಿನೇರಳೆ ಬೆಳಕು ಬಿದ್ದರೆ ಒಳಗಿರುವ ಪ್ರೋಗ್ರಾಂ ಅಳಿಸಿಹೋಗುತ್ತದೆ. ಬೆಳಕು ಬೀಳದಿದ್ದರೂ ದಶಕಗಳಲ್ಲಿ ಅದು ಮೆಲ್ಲಗೆ ಮಾಸುತ್ತದೆ. ಚೀಟಿಯನ್ನು ಕೀಳಬೇಡಿ. ಅದರ ಮೇಲೆ ಕೈಬರಹವಿದ್ದರೆ ಬರೆದಿಟ್ಟುಕೊಳ್ಳಿ. ಎಪ್ರಾಮ್ ಓದುವ ಉಪಕರಣ ಎಲೆಕ್ಟ್ರಾನಿಕ್ಸ್ ಕಲಿಸುವ ಕೆಲವು ಕಾಲೇಜುಗಳಲ್ಲಿ ಸಿಗುತ್ತದೆ. ಅಲ್ಲಿಗೆ ಒಯ್ದು, ಒಳಗಿನದನ್ನು ಮೊದಲು ನಕಲು ಮಾಡಿಸಿಕೊಳ್ಳಿ. ಯಾವುದೋ ಶಾಲೆಯ ಮೇಷ್ಟ್ರು ತಮ್ಮ ಮಕ್ಕಳಿಗೆಂದೇ ಬರೆದ ಪಾಠ ಅದರಲ್ಲಿ ಇರಬಹುದು. ಅದರ ಇನ್ನೊಂದು ಪ್ರತಿ ಬೇರೆಲ್ಲೂ ಇಲ್ಲದೆ ಇರಬಹುದು. ನಕಲು ಕೈಗೆ ಬಂದ ಮೇಲೆ ಸ್ಕ್ರೂಡ್ರೈವರ್ ಎತ್ತಿಕೊಳ್ಳಿ.